ಪಿಎಚ್ ಅಂದ್ರೆ ಏನು, ತೋಟದಲ್ಲಿ ಅದನ್ನು ನೋಡೋದು ಹೇಗೆ

ಮಣ್ಣು ಪರೀಕ್ಷೆ ವರದಿಯಲ್ಲಿ ಪಿಎಚ್ 5.2 ಅಂತ ಕಂಡರೆ ನಮ್ಮ ಚಿಕ್ಕಮಗಳೂರು ಕಡೆ ಎಷ್ಟೋ ಜನ 'ಪರವಾಗಿಲ್ಲ, ಆರಕ್ಕೆ ಹತ್ತಿರ ಇದೆಯಲ್ಲ' ಅಂತ ಸುಮ್ನಾಗುತ್ತಾರೆ. ಹತ್ತಿರ ಇಲ್ಲ. 6 ಇರುವ ಮಣ್ಣಿಗಿಂತ ಅದು ಸುಮಾರು ಆರು ಪಟ್ಟು ಹುಳಿ.

ಪಿಎಚ್ ಅನ್ನುವುದು ಹುಳಿ ಅಳೆಯುವ ಲೆಕ್ಕ. 1909ರಲ್ಲಿ ಡೆನ್ಮಾರ್ಕಿನ ಸೋರೆನ್ಸೆನ್ ಇದನ್ನು ತಂದರು, ಅದೂ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಲ್ಯಾಬಿನಲ್ಲಿ ಕೂತು! 7 ಇದ್ದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಕೆಳಗೆ ಇಳಿದಷ್ಟೂ ಹುಳಿ ಜಾಸ್ತಿ, ಒಂದೊಂದು ಅಂಕಿಗೂ ಹತ್ತು ಪಟ್ಟು. ಹಾಗಾಗಿ 'ಪಿಎಚ್ ಜಾಸ್ತಿಯಾಗಿ ಮಣ್ಣು ಹುಳಿಯಾಯ್ತು' ಅನ್ನುವ ಮಾತು ತಲೆಕೆಳಗು.

ಕಾಫಿಗೆ 6ರಿಂದ 6.5 ಚೆನ್ನ. ಮಲೆನಾಡಿನ ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ತೊಳೆದುಕೊಂಡು ಹೋಗುತ್ತದೆ, ಮೇಲಿಂದ ನಾವು ಸುರಿಯುವ ಯೂರಿಯಾ ಬೇರೆ, ಹುಳಿ ಏರದೆ ಇರುತ್ತದಾ? ಹುಳಿ ಮಣ್ಣಲ್ಲಿ ರಂಜಕ ಕಬ್ಬಿಣ, ಅಲ್ಯೂಮಿನಿಯಂಗೆ ಅಂಟಿಕೊಂಡು ಗಿಡಕ್ಕೆ ಸಿಗುವುದಿಲ್ಲ. ಗೊಬ್ಬರದ ದುಡ್ಡು ದಂಡ.

ನೀವೇ ನೋಡಬೇಕು ಅಂದರೆ ತರಗೆಲೆ ಸರಿಸಿ, ತೋಟದ ಹಲವು ಕಡೆ ಒಂಬತ್ತು ಇಂಚು ಆಳದವರೆಗೆ ಮಣ್ಣು ತೆಗೆದು ಕಲಸಿ ನೆರಳಲ್ಲಿ ಒಣಗಿಸಿ. ಈಚೆಗೆ ಗೊಬ್ಬರ ಹಾಕಿದ ಜಾಗ ಬೇಡ. ಜರಡಿ ಹಿಡಿದ 20 ಗ್ರಾಂ ಮಣ್ಣಿಗೆ 50 ಮಿಲಿ ಡಿಸ್ಟಿಲ್ಡ್ ವಾಟರ್ ಹಾಕಿ, ಅರ್ಧ ಗಂಟೆ ಆಗಾಗ ಕಲಕಿ, ಪಿಎಚ್ ಮೀಟರ್ ಅದ್ದಿ. ಮೀಟರನ್ನು ಮೊದಲು ಪಿಎಚ್ 4 ಮತ್ತು 7ರ ಬಫರ್‌ನಲ್ಲಿ (ಪಿಎಚ್ ಎಷ್ಟು ಅಂತ ಮೊದಲೇ ಗೊತ್ತಿರುವ ದ್ರಾವಣ) ಸರಿಮಾಡಿಕೊಳ್ಳದಿದ್ದರೆ ಅದು ತೋರಿಸುವ ಅಂಕಿ ನಂಬಬೇಡಿ. ಲಿಟ್ಮಸ್ ಕಾಗದ ಹುಳಿಯೋ ಕ್ಷಾರವೋ ಅಂತ ಮಾತ್ರ ಹೇಳುತ್ತದೆ, ಎಷ್ಟು ಅಂತ ಹೇಳುವುದಿಲ್ಲ. ಹುಳಿ ಇಳಿಸಲು ಎಕರೆಗೆ ಎಷ್ಟು ಸುಣ್ಣ ಅನ್ನುವುದನ್ನಂತೂ ಲ್ಯಾಬಿನಲ್ಲೇ ಕೇಳಿ, ಅಂದಾಜಿಗೆ ಎರಚಬೇಡಿ. ಸುಣ್ಣ, ಯೂರಿಯಾ ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವಾಗಲೂ ಇದೇ ಹುಳಿಯ ಲೆಕ್ಕ. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರು, ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯಬೇಕು, ತಿರುಗಾಮುರುಗಾ ಅಲ್ಲ. ಪ್ಲಾಸ್ಟಿಕ್ ಡ್ರಮ್ಮೇ ಇರಲಿ. ಆಮೇಲೆ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ನೋಡಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಇನ್ನೂ ಹುಳಿ ಇದೆ, ಎಲೆ ಸುಡುತ್ತದೆ. ಸುಣ್ಣದ ನೀರು ಸ್ವಲ್ಪ ಸ್ವಲ್ಪ ಸೇರಿಸಿ, ಚಾಕು ಉಜ್ಜಿ ಮತ್ತೆ ಅದ್ದಿ. ಕೆಂಪು ಹಿಡಿಯುವುದು ನಿಂತ ಮೇಲೆ ಸ್ಪ್ರೇಯರ್‌ಗೆ ತುಂಬಿ, ಅವತ್ತೇ ಹೊಡೆದು ಮುಗಿಸಿ.