ಸ್ಟ್ರೈಪರ್ ಮೀನು ಹಿಡಿಯುವ ಮೊದಲು: ನ್ಯೂಜೆರ್ಸಿ ಕಡಲಂಚಿನ ಕನ್ನಡಿಗರಿಗೆ

"ಇಲ್ಲಿ ಗಾಳ ಹಾಕಲಿಕ್ಕೆ ಲೈಸೆನ್ಸ್ ಬೇಕಾ?" ಎಡಿಸನ್ ಕಡೆಗೆ ಹೊಸದಾಗಿ ಬಂದ ಕರಾವಳಿಯವರು ನನ್ನನ್ನು ಮೊದಲು ಕೇಳುವುದು ಇದನ್ನೇ. ನ್ಯೂಜೆರ್ಸಿಯಲ್ಲಿ ಉಪ್ಪುನೀರಿಗೆ ಲೈಸೆನ್ಸ್ ಇಲ್ಲ. ಆದರೆ 16 ತುಂಬಿದವರು ರಾಜ್ಯದ ಸಾಲ್ಟ್‌ವಾಟರ್ ರಿಜಿಸ್ಟ್ರಿಯಲ್ಲಿ ಹೆಸರು ಬರೆಸಬೇಕು. ದುಡ್ಡಿಲ್ಲ, ಆನ್‌ಲೈನಿನಲ್ಲೇ ಮುಗಿಯುತ್ತದೆ, ವರ್ಷ ವರ್ಷ ಹೊಸದಾಗಿ ಮಾಡಿಸಬೇಕು. ನ್ಯೂಯಾರ್ಕ್‌ನಲ್ಲೂ ನೋಂದಣಿ ಉಚಿತ. ಮ್ಯಾಸಚೂಸೆಟ್ಸ್‌ನಲ್ಲಿ ಪರ್ಮಿಟ್‌ಗೆ ಶುಲ್ಕ ಉಂಟು. ಹೊಳೆಯ ಸಿಹಿನೀರಿಗೆ ಹೋದರೆ ಲೈಸೆನ್ಸೇ ಬೇರೆ.

ಕಾಗದಪತ್ರ ಅಷ್ಟೇ. ನಿಜವಾಗಿ ತಿಳಿಯಬೇಕಾದ್ದು ಮೀನಿನ ವಿಷಯ.

ಇಲ್ಲಿನವರು ಸ್ಟ್ರೈಪರ್ ಅನ್ನುವುದು ಸ್ಟ್ರೈಪ್ಡ್ ಬಾಸ್‌ಗೆ. ಮೇರಿಲ್ಯಾಂಡಿನಲ್ಲಿ ಅದೇ ರಾಕ್‌ಫಿಶ್. ಬೆಳ್ಳಿ ಮೈ, ಕಿವಿರಿನ ಹಿಂದಿನಿಂದ ಬಾಲದವರೆಗೆ ಏಳೆಂಟು ಕಪ್ಪು ಗೆರೆ. ಇದು ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ಹೊಳೆಗೆ ಏರುವ ಮೀನು. ಅಟ್ಲಾಂಟಿಕ್ ತೀರದ ಸ್ಟ್ರೈಪರ್‌ಗಳಲ್ಲಿ ಬಹುಪಾಲು ಚೆಸಪೀಕ್ ಕೊಲ್ಲಿಗೆ ಸೇರುವ ಹೊಳೆಗಳಲ್ಲಿ ಹುಟ್ಟಿದವು. ಹಡ್ಸನ್, ಡೆಲವೇರ್ ನದಿಗಳೂ ಅವುಗಳ ತೌರು. ವಸಂತದಲ್ಲಿ ಹೆಣ್ಣು ಮೀನು ಮೊಟ್ಟೆ ಬಿಟ್ಟರೆ, ಅದು ಎರಡು ಮೂರು ದಿನ ಹರಿವಿನಲ್ಲಿ ತೇಲುತ್ತಲೇ ಇರಬೇಕು. ಹರಿವು ಸತ್ತು ಕೆಸರಿಗೆ ಇಳಿದರೆ ಮರಿ ಆಗುವುದಿಲ್ಲ. ಹಾಗಾಗಿ ಒಂದು ವರ್ಷ ಮರಿಗಳ ಸುಗ್ಗಿ, ಮತ್ತೆ ಹಲವು ವರ್ಷ ಬರ. 2015ರಲ್ಲಿ ಚೆನ್ನಾಗಿ ಹುಟ್ಟಿದವು. 2019ರಿಂದೀಚೆಗೆ ಮೇರಿಲ್ಯಾಂಡಿನ ಮರಿ ಎಣಿಕೆ ಸರಾಸರಿಗಿಂತ ತೀರಾ ಕೆಳಗಿದೆ.

ಅದಕ್ಕೇ ಈ ಅಳತೆಯ ಕಟ್ಟುನಿಟ್ಟು. 2023ರ ಮೇ ತಿಂಗಳಲ್ಲಿ, ತೀರದ ರಾಜ್ಯಗಳೆಲ್ಲ ಸೇರಿದ ಮೀನುಗಾರಿಕಾ ಆಯೋಗ ಕಡಲಿನಲ್ಲಿ 31 ಇಂಚಿಗಿಂತ ಉದ್ದದ ಮೀನನ್ನು ಇಟ್ಟುಕೊಳ್ಳಬಾರದೆಂದು ತುರ್ತು ಆದೇಶ ಹೊರಡಿಸಿತು. 2015ರ ಆ ಮೀನುಗಳು ಉಳಿಯಲಿ ಎಂಬುದೇ ಉದ್ದೇಶ. ಆಮೇಲೆ ಅದೇ ನಿಯಮವಾಯಿತು. ನ್ಯೂಜೆರ್ಸಿಯಲ್ಲಿ 28ರಿಂದ 31 ಇಂಚಿನೊಳಗಿನ ಮೀನು, ತಲೆಗೊಂದು, ದಿನಕ್ಕೊಂದು. ಒಂದೂವರೆ ಮೊಳಕ್ಕೆ ಒಂದಿಂಚು ಸೇರಿಸಿದರೆ 28. ಅದಕ್ಕಿಂತ ಚಿಕ್ಕದು ವಾಪಸ್, 31 ದಾಟಿದ್ದೂ ವಾಪಸ್. ಹಿಡಿದದ್ದನ್ನು ಮಾರುವಂತಿಲ್ಲ. ತೀರದಿಂದ ಮೂರು ಮೈಲಿ ಆಚೆಯ ಫೆಡರಲ್ ನೀರಿನಲ್ಲಿ ಸ್ಟ್ರೈಪರ್ ಹಿಡಿಯುವುದೇ ನಿಷಿದ್ಧ. ಜನವರಿ, ಫೆಬ್ರವರಿಯಲ್ಲಿ ಕೊಲ್ಲಿ, ಹೊಳೆಗಳು ಬಂದ್. ಡೆಲವೇರ್ ನದಿಯ ಮೊಟ್ಟೆಯಿಡುವ ಭಾಗ ಏಪ್ರಿಲ್, ಮೇಯಲ್ಲೂ ಬಂದ್. ನಮ್ಮೂರಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿ ಕಡಲಿಗಿಳಿಯುವುದಿಲ್ಲವಲ್ಲ, ಅದೇ ಲೆಕ್ಕ. ನಿಯಮ ವರ್ಷ ವರ್ಷ ಬದಲಾಗುತ್ತದೆ, ಹೊರಡುವ ಮುಂಚೆ ರಾಜ್ಯದ ವೆಬ್‌ಸೈಟ್ ನೋಡಿಯೇ ಹೊರಡಿ.

ದೊಡ್ಡದನ್ನು ಬಿಡುವುದು ನಮಗೆ ಕಷ್ಟ. ನನಗೂ ಆಗಿತ್ತು. ಮೊದಲ ವರ್ಷದ ನವೆಂಬರಿನಲ್ಲಿ ಸ್ಯಾಂಡಿ ಹುಕ್ ಮರಳಿನಲ್ಲಿ ನಿಂತು ಎಳೆದ ಮೀನು 34 ಇಂಚು ಇತ್ತು. ಪಕ್ಕದಲ್ಲಿ ಗಾಳ ಹಾಕಿದ್ದ ಮುದುಕರೊಬ್ಬರು ಏನೂ ಹೇಳದೆ ಅದರ ಉಬ್ಬಿದ ಹೊಟ್ಟೆ ತೋರಿಸಿದರು. ಅಷ್ಟು ದೊಡ್ಡದೆಂದರೆ ಹೆಚ್ಚಾಗಿ ಹೆಣ್ಣೇ. ಒಂದೊಂದು ಲಕ್ಷಗಟ್ಟಲೆ ಮೊಟ್ಟೆ ಹೊರುತ್ತದೆ, ಮೂವತ್ತು ವರ್ಷ ಬದುಕುವುದೂ ಉಂಟು. ಮೊಣಕಾಲು ನೀರಿಗಿಳಿದು ಕೆಳದವಡೆ ಹಿಡಿದುಕೊಂಡೆ, ತಲೆ ಅಲೆಯ ಕಡೆಗೆ. ಮೊದಲು ಸುಮ್ಮನೆ ತೂಗಿತು. ಆಮೇಲೆ ಕಿವಿರು ಬಿಚ್ಚಿ ಮುಚ್ಚಿತು, ನನ್ನ ಹೆಬ್ಬೆರಳು ಕಚ್ಚಿತು, ಬಾಲ ಒಮ್ಮೆ ಬಡಿದು ಹೋಯಿತು. ಮರಳುಕಾಗದ ತಿಕ್ಕಿದ ಹಾಗೆ ಬೆರಳು ಎರಡು ದಿನ ಉರಿಯಿತು.

ಬಿಟ್ಟ ಮೀನೆಲ್ಲ ಬದುಕುವುದಿಲ್ಲ ಎಂಬುದೂ ನೆನಪಿರಲಿ. ಬಿಟ್ಟ ನೂರರಲ್ಲಿ ಸುಮಾರು 9 ಸಾಯುತ್ತವೆಂದು ಆಯೋಗ ಲೆಕ್ಕ ಹಿಡಿಯುತ್ತದೆ. ಅದಕ್ಕಾಗಿಯೇ ಜೀವಂತ ಅಥವಾ ಕತ್ತರಿಸಿದ ಮೀನಿನ ಎರೆ ಹಾಕುವವರಿಗೆ ಸರ್ಕಲ್ ಹುಕ್ ಕಡ್ಡಾಯ. ಅದರ ಮೊನೆ ಒಳಗೆ ಬಾಗಿರುತ್ತದೆ. ಗಂಟಲಿಗೆ ಸಿಕ್ಕದೆ ಜಾರಿ ಬಂದು ಬಾಯಿಯ ಮೂಲೆಗೆ ಕಚ್ಚುತ್ತದೆ. ತಂಗೂಸಿ ಎಳೆದ ಕೂಡಲೇ ಗಕ್ಕನೆ ಎತ್ತುವುದು ನಮ್ಮ ಕೈಯ ಅಭ್ಯಾಸ. ಇಲ್ಲಿ ಹಾಗೆ ಎತ್ತಿದರೆ ಕೊಕ್ಕೆ ಬಾಯಿಂದ ಹೊರಗೇ ಬರುತ್ತದೆ. ಸುಮ್ಮನೆ ರೀಲ್ ಸುತ್ತಿ, ಅದೇ ಸಿಕ್ಕಿಕೊಳ್ಳುತ್ತದೆ. ಮೀನನ್ನು ಚುಚ್ಚಿ ಎತ್ತುವ ಗ್ಯಾಫ್ ಬಳಸುವಂತಿಲ್ಲ. ಒಣ ಮರಳಿನ ಮೇಲೆ ಹೊರಳಾಡಿಸಿ ಫೋಟೋ ತೆಗೆಯಬೇಡಿ. ಮೈಮೇಲಿನ ಲೋಳೆ ಹೋದರೆ ಅದಕ್ಕೆ ಕಾಯಿಲೆ ಹತ್ತುತ್ತದೆ.

ಯಾವಾಗ ಹೋಗಬೇಕು? ಏಪ್ರಿಲ್, ಮೇಯಲ್ಲಿ ರ‍್ಯಾರಿಟನ್ ಕೊಲ್ಲಿ. ಬೇಸಿಗೆಯಲ್ಲಿ ದೊಡ್ಡವು ನ್ಯೂ ಇಂಗ್ಲೆಂಡ್ ಕಡೆಗೆ ಹೋಗಿರುತ್ತವೆ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ದಕ್ಷಿಣಕ್ಕೆ ಮರಳುತ್ತ ನ್ಯೂಜೆರ್ಸಿ ತೀರಕ್ಕೆ ಒತ್ತಿಕೊಂಡೇ ಸಾಗುತ್ತವೆ. ಐಲಂಡ್ ಬೀಚ್ ಸ್ಟೇಟ್ ಪಾರ್ಕ್‌ನಲ್ಲಿ ಆಗ ಸಾಲುಗಟ್ಟಿ ಜನ. ಬೂತಾಯಿಯಂತೆ ಎಣ್ಣೆ ತುಂಬಿದ, ಇಲ್ಲಿ ಬಂಕರ್ ಅನ್ನುವ ಮೀನಿನ ಹಿಂಡು ಎಲ್ಲಿ ನೀರು ಕುದಿಸುತ್ತದೋ, ಹಕ್ಕಿಗಳು ಎಲ್ಲಿ ಎರಗುತ್ತವೋ, ಸ್ಟ್ರೈಪರ್ ಅದರ ಕೆಳಗಿರುತ್ತದೆ.

ಇನ್ನು ಸಾರಿನ ಮಾತು. ಕೈಗಾರಿಕೆಗಳಿಂದ ಹೊಳೆ ಸೇರಿದ ಪಿಸಿಬಿ ಎಂಬ ವಿಷ ಈ ಮೀನಿನ ಕೊಬ್ಬಿನಲ್ಲಿ ಕೂತಿರುತ್ತದೆ. ಎಷ್ಟು ದಿನಕ್ಕೊಮ್ಮೆ ತಿನ್ನಬಹುದೆಂದು ರಾಜ್ಯ ಪ್ರತಿಯೊಂದು ನೀರಿಗೂ ಬೇರೆ ಬೇರೆ ಸಲಹೆ ಪ್ರಕಟಿಸುತ್ತದೆ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಅದು ಇನ್ನೂ ಬಿಗಿ. ಇಲ್ಲಿನವರು ಗ್ರಿಲ್ ಮೇಲಿಟ್ಟರೆ ಕೊಬ್ಬು ಕರಗಿ ಕೆಳಗೆ ಸುರಿದುಹೋಗುತ್ತದೆ. ನಾವು ಚರ್ಮ, ತಲೆ ಸಮೇತ ಕೊದ್ದೆಲು ಮಾಡಿದರೆ ಅದೆಲ್ಲ ಸಾರಿನಲ್ಲೇ ಉಳಿಯುತ್ತದೆ. ಹಾಗಾಗಿ ಚರ್ಮ ಸುಲಿಯಿರಿ, ಹೊಟ್ಟೆಯ ಅಂಚಿನ ಕೊಬ್ಬು, ಪಕ್ಕೆಯ ನಡುವಿನ ಕಂದು ಮಾಂಸ ಕೊಯ್ದು ತೆಗೆಯಿರಿ. ಉಳಿದ ಬಿಳಿ ತುಂಡಿಗೆ ಮೆಣಸು, ಹುಣಸೆ ಹಚ್ಚಿ ತವಾ ಮೇಲೆ ಹುರಿದರೆ ಎಳೆ ಎಳೆಯಾಗಿ ಬಿಡುತ್ತದೆ.