ಕಿತ್ತಳೆ ಸಿಪ್ಪೆಯ ಯೀಸ್ಟನ್ನೇ ಹಸಿರು ಬೂಷ್ಟಿನ ಮೇಲೆ ಬಿಡುವ ಬಗೆ

ಕೊಯ್ದ ಕಿತ್ತಳೆಯನ್ನು ಕೊಳೆಸುವ ಹಸಿರು ಬೂಷ್ಟು, ಅಂದರೆ ಪೆನಿಸಿಲಿಯಂ ಡಿಜಿಟೇಟಂ, ಗಾಯವಿಲ್ಲದ ಸಿಪ್ಪೆಯೊಳಗೆ ನುಗ್ಗಲಾರದು. ಉಗುರಿನ ಗೀರು, ತೊಟ್ಟು ಕಿತ್ತುಬಂದ ಜಾಗ, ಗೋಣಿಚೀಲ ಉಜ್ಜಿದ ಕಲೆ: ಅಲ್ಲಿ ಒಸರುವ ರಸದಲ್ಲೇ ಅದರ ಬೀಜಕಣ ಮೊಳೆಯುವುದು. ಆ ರಸವನ್ನು ಸಿಪ್ಪೆಯ ಮೇಲೆ ತಾನಾಗಿ ಬಾಳುವ ಯೀಸ್ಟ್ ಮೊದಲೇ ಉಂಡು ಜಾಗ ಹಿಡಿದರೆ ಬೂಷ್ಟಿಗೆ ಏನೂ ಉಳಿಯುವುದಿಲ್ಲ. ಹಾಗಾಗಿ ಕೊಯ್ದ ದಿನವೇ ಹಣ್ಣನ್ನು ಯೀಸ್ಟಿನ ನೀರಿನಲ್ಲಿ ಅದ್ದಬೇಕು. ಮರುದಿನ ಸಂಜೆಯ ಹೊತ್ತಿಗೆ ಬೂಷ್ಟು ಸಿಪ್ಪೆಯೊಳಗೆ ಇಳಿದಿರುತ್ತದೆ. ಆಮೇಲೆ ಎಷ್ಟು ಯೀಸ್ಟ್ ಸುರಿದರೂ ದಂಡ.

ಯೀಸ್ಟ್ ತೆಗೆಯಲು ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಬೀಳದ ಮರದ ಹಣ್ಣು ಬೇಕು. ಕಾಫಿಗೆ ಹೊಡೆಯುವಾಗ ಹಾರಿಬಂದ ತಾಮ್ರವೂ ಯೀಸ್ಟನ್ನು ಕೊಲ್ಲುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಹಣ್ಣನ್ನು ಕುಲುಕಿ, ಆ ನೀರನ್ನು ನೂರು ಪಟ್ಟು ತೆಳುಮಾಡಿ ಅಗಾರ್ (ಕಡಲಪಾಚಿಯಿಂದ ತೆಗೆದ, ಜೆಲ್ಲಿಯಂತೆ ಗಟ್ಟಿಯಾಗುವ ಪುಡಿ) ತಟ್ಟೆಗೆ ಸವರುತ್ತೇವೆ. ತಟ್ಟೆಗೆ ಸುರಿಯುವ ಪಾಕ ಅಡುಗೆಮನೆಯದ್ದೇ: ಲೀಟರಿಗೆ 200 ಗ್ರಾಂ ಆಲೂಗಡ್ಡೆ ಬೇಯಿಸಿ ಸೋಸಿದ ನೀರು, 20 ಗ್ರಾಂ ಸಕ್ಕರೆ, 15 ಗ್ರಾಂ ಅಗಾರ್, ಪ್ರೆಶರ್ ಕುಕ್ಕರಿನಲ್ಲಿ 20 ನಿಮಿಷ.

ಎರಡು ಮೂರು ದಿನಕ್ಕೆ ಕೆನೆಬಣ್ಣದ ಹೊಳಪು ಚುಕ್ಕೆಗಳು ಏಳುತ್ತವೆ. ಇಲ್ಲಿ ಆತುರ ಬೇಡ. ಹುಳಿಕೊಳೆ ತರುವ ಜಿಯೋಟ್ರೈಕಮ್ ಎಂಬ ಶಿಲೀಂಧ್ರ ಕೂಡ ಹೀಗೇ ಬಿಳಿಯಾಗಿ, ಯೀಸ್ಟಿನಂತೆಯೇ ಕಾಣುತ್ತದೆ. ಅದರ ಚುಕ್ಕೆ ಚಪ್ಪಟೆ, ಮಂಕು; ಸೂಕ್ಷ್ಮದರ್ಶಕದಲ್ಲಿ ಕತ್ತರಿಸಿದ ಶಾವಿಗೆ ತುಂಡಿನಂತೆ ಚೌಕಾಕಾರದ ಕಣಗಳು. ಯೀಸ್ಟಿನ ಕಣ ಮೊಟ್ಟೆಯಾಕಾರ, ಪಕ್ಕದಲ್ಲಿ ಮರಿಮೊಗ್ಗು. ತಪ್ಪಿ ಜಿಯೋಟ್ರೈಕಮ್ಮನ್ನು ಬೆಳೆಸಿದರೆ ರೋಗವನ್ನೇ ಹಣ್ಣಿಗೆ ಸವರಿದಂತೆ. 37 ಡಿಗ್ರಿಯಲ್ಲಿ, ಅಂದರೆ ಮೈಬಿಸಿಯಲ್ಲಿ, ಬೆಳೆಯುವ ಯೀಸ್ಟನ್ನೂ ಬಿಟ್ಟುಬಿಡುತ್ತೇವೆ. ಉಳಿದದ್ದನ್ನು ಲ್ಯಾಬಿನಲ್ಲಿ ಗುರುತಿಸಿಕೊಂಡೇ ತಿನ್ನುವ ಹಣ್ಣಿಗೆ ಮುಟ್ಟಿಸಬೇಕು.

ಪರೀಕ್ಷೆ ಸುಲಭ. ಕಾಯಿಸಿ ಆರಿಸಿದ ಮೊಳೆಯಿಂದ 3 ಮಿಲಿಮೀಟರ್ ಆಳದ ಗಾಯ ಮಾಡಿ ಒಂದು ಹನಿ ಯೀಸ್ಟ್, ಎರಡು ಗಂಟೆ ಬಿಟ್ಟು ಒಂದು ಹನಿ ಬೂಷ್ಟಿನ ಬೀಜಕಣ ಬೆರೆಸಿದ ನೀರು. ಯೀಸ್ಟಿಲ್ಲದ ಹಣ್ಣುಗಳನ್ನೂ ಜೊತೆಗಿಟ್ಟು ವಾರ ನೋಡಬೇಕು. ಬೇಕರಿ ಯೀಸ್ಟ್ ಆಗದೇ ಎಂದು ಎಲ್ಲರೂ ಕೇಳುತ್ತಾರೆ. ಸಿಪ್ಪೆಯ ಮೇಲೆ ಬಾಳಿದ ಯೀಸ್ಟಿನಷ್ಟು ಅದು ಗಾಯದಲ್ಲಿ ನೆಲೆ ನಿಲ್ಲುವುದಿಲ್ಲ.

ಗೆದ್ದ ಯೀಸ್ಟನ್ನು ಅಗಾರ್ ಇಲ್ಲದ ಅದೇ ಆಲೂಗಡ್ಡೆ ನೀರಿನಲ್ಲಿ, ಲೀಟರಿಗೆ 5 ಗ್ರಾಂ ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ (ಯೀಸ್ಟಿನ ಸಾರದ ಪುಡಿ) ಸೇರಿಸಿ, ಎರಡು ದಿನ ಬೆಳೆಸುತ್ತೇವೆ. ಮೀನಿನ ತೊಟ್ಟಿಯ ಪಂಪಿನ ಗಾಳಿ ಹತ್ತಿಯ ಮೂಲಕ ಹಾಯುತ್ತಿರಬೇಕು. ಗಾಳಿಯಿಲ್ಲದಿದ್ದರೆ ಹೆಂಡವಾಗುತ್ತದೆ, ಯೀಸ್ಟ್ ಹೆಚ್ಚುವುದಿಲ್ಲ. ಬಳಿಕ ಫ್ರಿಜ್ಜಿನಲ್ಲಿ ತಳಕ್ಕೆ ಕೂರಿಸಿ ಮೇಲಿನ ನೀರು ಚೆಲ್ಲಿಬಿಡಬೇಕು, ಅದರಲ್ಲಿ ಉಳಿದ ಸಕ್ಕರೆ ಬೂಷ್ಟಿಗೇ ಊಟ.

ಅದ್ದುವ ನೀರಿನಲ್ಲಿ ಮಿಲಿಲೀಟರಿಗೆ 10 ಕೋಟಿ ಕಣ ಇರಬೇಕು. ಬೆಳೆಸಿದ ಯೀಸ್ಟ್ ನೀರನ್ನು ಸಾವಿರ ಪಟ್ಟು ತೆಳುಮಾಡಿ ಹೀಮೋಸೈಟೋಮೀಟರಿನಲ್ಲಿ (ಕಣ ಎಣಿಸಲು ಚೌಕಗೆರೆ ಇರುವ ಗಾಜು) ನೋಡಿದಾಗ ಮೂಲೆಚೌಕಕ್ಕೆ ಸರಾಸರಿ 30 ಕಣ ಕಂಡರೆ, ಆ ಚೌಕದಲ್ಲಿ ಹಿಡಿಯುವುದು ಮಿಲಿಲೀಟರಿನ ಹತ್ತುಸಾವಿರದ ಒಂದು ಪಾಲಾದ್ದರಿಂದ, ಮೂಲ ಬೆಳೆಯಲ್ಲಿ ಮಿಲಿಲೀಟರಿಗೆ 30 ಕೋಟಿ. ಅಂಥ 5 ಲೀಟರಿನ ಯೀಸ್ಟ್ 15 ಲೀಟರ್ ನೀರಿಗೆ ಸಾಕು. ಕ್ಲೋರಿನ್ ಹಾಕಿದ ಟ್ಯಾಂಕಿನ ನೀರು ಬೇಡ.

ಹಣ್ಣನ್ನು ಇಬ್ಬನಿ ಆರಿದ ಮೇಲೆ ಕತ್ತರಿಯಿಂದಲೇ ಕೊಯ್ಯಬೇಕು. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ಎಳೆದರೆ ತೊಟ್ಟಿನ ಬಳಿ ಹರಿಯುತ್ತದೆ. ಲೀಟರಿಗೆ 20–30 ಗ್ರಾಂ ಅಡುಗೆ ಸೋಡಾದಲ್ಲಿ ಎರಡು ನಿಮಿಷ, ತೊಳೆದು ಯೀಸ್ಟಿನಲ್ಲಿ ಒಂದು ನಿಮಿಷ, ನೆರಳಲ್ಲಿ ಫ್ಯಾನಿನ ಗಾಳಿಗೆ ಒಣಗಿಸಿ ಕ್ರೇಟಿಗೆ. ಮಳೆಗಾಲದ ಹಣ್ಣಿಗೆ ಈ ಒಣಗಿಸುವುದೇ ದೊಡ್ಡ ತಲೆನೋವು. ಒದ್ದೆ ಹಣ್ಣು ತುಂಬಿದರೆ ಅಷ್ಟೂ ಕೆಲಸ ನೀರುಪಾಲು.

ಯೀಸ್ಟಿನ ದ್ರಾವಣವನ್ನು ಬೇರೆಯವರಿಗೆ ಮಾರುವುದಾದರೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು. ತೊಟ್ಟಿನ ಸುತ್ತ ಕಂದುಬಣ್ಣದಲ್ಲಿ ಶುರುವಾಗುವ ಕೊಳೆ ಇದರಿಂದ ನಿಲ್ಲುವುದಿಲ್ಲ. ಅದು ತೋಟದಲ್ಲೇ ತೊಟ್ಟಿನಲ್ಲಿ ಅಡಗಿ ಬಂದದ್ದು. ಅದಕ್ಕೆ ಕೊಯ್ಲಿಗೆ ಮೊದಲೇ ಮರದ ಒಣರೆಂಬೆ ಕಡಿದು ತೆಗೆಯಬೇಕು.