ಕೊಪ್ಪರಿಗೆ ಹೊಡೆದು ರಾಕ್ಷಸನನ್ನು ಕರೆದೆ

"ಲೈಬ್ರರಿ ಹಾಕಿ ಮುಗಿಸಯ್ಯಾ, ಯಾರಿಗೆ ಗೊತ್ತಾಗುತ್ತೆ?" ಒಂದು ಚಿತ್ರಕ್ಕೆ ಸಂಗೀತ ಮಾಡುತ್ತಿದ್ದ ಎರಡು ವರ್ಷ ನಾನು ಜಾಸ್ತಿ ಕೇಳಿದ ಮಾತು ಇದೇ. ಲೈಬ್ರರಿ ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ರೆಡಿಮೇಡ್ ಸದ್ದುಗಳು. ನಿರ್ಮಾಪಕರು ಹೇಳಿದರು. ಎಡಿಟರ್ ಹೇಳಿದ. ಚೆನ್ನೈಯಲ್ಲಿ ಮ್ಯೂಸಿಕ್ ಪ್ರೋಗ್ರಾಮಿಂಗ್, ಅಂದರೆ ಕಂಪ್ಯೂಟರಿನಲ್ಲೇ ವಾದ್ಯ ಕೂರಿಸುವ ಕೆಲಸ, ಮಾಡುವ ಹಳೇ ಗೆಳೆಯ ಫೋನಿನಲ್ಲೇ ಬಿದ್ದು ಬಿದ್ದು ನಕ್ಕ. ಚಿತ್ರ ಫ್ಯಾಂಟಸಿ ಆಕ್ಷನ್. ಏಳು ಫೈಟು, ನಾಲ್ಕು ಹಾಡು, ಒಬ್ಬ ರಾಕ್ಷಸ, ಒಂದು ಮಂತ್ರದ ಕತ್ತಿ. ಎಲ್ಲರ ತಲೆಯಲ್ಲೂ ಒಂದೇ ಸೌಂಡು ಕೂತಿತ್ತು. ಹಿಂದೆ ನೂರು ಜನರ ಕೋರಸ್, ಮುಂದೆ ಜಪಾನಿನ ದೊಡ್ಡ ಡ್ರಮ್ಮು, ನಡುವೆ ಧಡಾರ್ ಅಂತ ತುತ್ತೂರಿಗಳ ಬ್ರಾಸು. ಅದು ನನ್ನ ಹಾರ್ಡ್‌ಡಿಸ್ಕಿನಲ್ಲೂ ಇದೆ, ಸಂಗೀತ ಮಾಡುವ ಎಲ್ಲರದರಲ್ಲೂ ಇದೆ. ತೊಂದರೆ ಅದೇ ಅಲ್ವಾ?

ನಾನು ತಮಟೆ, ನಗಾರಿ, ಕಂಸಾಳೆಯಲ್ಲೇ ಇಡೀ ಚಿತ್ರ ಮಾಡ್ತೀನಿ ಅಂದೆ. "ಜಾತ್ರೆ ಥರ ಕೇಳುತ್ತೆ" ಅಂದರು. ಮೊದಲ ಸಲ ರೆಕಾರ್ಡ್ ಮಾಡಿ ತಂದಾಗ ಜಾತ್ರೆ ಥರವೇ ಕೇಳಿಸಿತು, ಒಪ್ಪಿಕೊಳ್ತೀನಿ.

ಮೊದಲ ಪ್ರಯತ್ನ ಮೈಸೂರಿನ ಒಂದು ಕಲ್ಯಾಣ ಮಂಟಪದಲ್ಲಿ. ಕುವೆಂಪುನಗರದ ನನ್ನ ರೂಮಿನಲ್ಲಿ ಒಂದು ತಮಟೆ ಬಾರಿಸಿದರೇ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಹಾಗಾಗಿ ದೊಡ್ಡ ಹಾಲ್ ಬೇಕು ಅಂತ ಹೋದೆ. ಬಾಡಿಗೆ ಸುಮಾರು 12 ಸಾವಿರ. ಮಂಡ್ಯ ಕಡೆಯ ಒಂಬತ್ತು ಜನರ ಮೇಳ, ತಲೆಗೆ 1,500. ಗಾಡಿ, ಊಟ, ಎಲೆ ಅಡಿಕೆ ಸೇರಿ ಒಂದು ದಿನಕ್ಕೆ ಹತ್ತಿರ ಹತ್ತಿರ 35 ಸಾವಿರ ಹೋಯಿತು. ಬಂದದ್ದು ಏನು? ಒಂದು ಏಟು ಹಾಕಿದರೆ ನಾಲ್ಕು ಸೆಕೆಂಡ್ ಗುಂಯ್‌ಗುಡುವ ಸದ್ದು. ಟೈಲ್ಸು, ಗಾಜು, ಪಿಓಪಿ ಸೀಲಿಂಗು. ಎಂಟನೇ ಏಟಿಗೆ ಮೊದಲನೇ ಏಟು ಇನ್ನೂ ಸತ್ತಿರಲಿಲ್ಲ. ಪೂರ್ತಿ ಎಸೆದೆ.

ಎರಡನೇ ಸಲ ಬಯಲಿನಲ್ಲಿ, ಪಾಂಡವಪುರದ ಹತ್ತಿರ ಒಂದು ತೆಂಗಿನ ತೋಟ. ಜೂನ್ ತಿಂಗಳು. ಜಾತ್ರೆ ಸೀಸನ್ನಿನಲ್ಲಿ ಮೇಳದವರು ಸಿಗೋದೇ ಇಲ್ಲ. ಮೇಲುಕೋಟೆಯ ವೈರಮುಡಿ ಉತ್ಸವ ಕಳೀಲಿ, ಹಬ್ಬಗಳು ಕಳೀಲಿ ಅಂತ ಕಾದು ಕಾದು ಸರಿಯಾಗಿ ಮಳೆಗೆ ಸಿಕ್ಕಿಹಾಕಿಕೊಂಡೆ. ತೇವಕ್ಕೆ ತಮಟೆ ಚರ್ಮ ಸಡಿಲವಾಗಿ ಒದ್ದೆ ರಟ್ಟು ಬಡಿದ ಹಾಗೆ ಕೇಳುತ್ತಿತ್ತು. ಗರಿ ಉರಿಸಿ ಕಾಯಿಸಿದರೆ ಹತ್ತು ನಿಮಿಷ ಚೆನ್ನ, ಆಮೇಲೆ ಮತ್ತೆ ಅದೇ ಕಥೆ. ಸಂಜೆ ಆದ ಮೇಲೆ ಕಪ್ಪೆ ಶುರು. ಪಕ್ಕದ ಪಂಪ್‌ಸೆಟ್ಟಿನಿಂದ 50 ಹರ್ಟ್ಸ್ ಹಮ್ಮು. ರಾತ್ರಿ ಕರೆಂಟು ಹೋಗಿ ಪಂಪ್ ನಿಂತಿತು, ಸದ್ಯ ಅಂದುಕೊಂಡೆ. ನನ್ನ ಲೈಟೂ ಹೋಗಿತ್ತು. ಇನ್ನೊಂದು 30 ಸಾವಿರಕ್ಕೆ ನೀರು ಬಿಟ್ಟೆ.

ಆಗ ಮೇಳದ ಯಜಮಾನರೇ ಒಂದು ಮಾತು ಹೇಳಿದರು. "ಸ್ವಾಮಿ, ತಮಟೆಗೆ ಬೆಂಕಿ ಬೇಕು, ನಿಮಗೆ ಸೂರು ಬೇಕು. ಎರಡೂ ಇರೋ ಜಾಗ ಒಂದೇ, ಆಲೆಮನೆ."

ಅವರ ಸಂಬಂಧಿಕರದೇ ಒಂದು ಆಲೆಮನೆ ಇತ್ತು. ಕಬ್ಬು ಅರೆಯೋದು ನಿಲ್ಲಿಸಿ ಎರಡು ವಾರ ಆಗಿತ್ತು. ತಗಡಿನ ಸೂರು, ಮಣ್ಣಿನ ನೆಲ, ಮೂರು ಕಡೆ ಗೋಡೆ, ಒಂದು ಕಡೆ ಬಯಲು. ಮೂಲೆಯಲ್ಲಿ ಆಳೆತ್ತರ ಒಣ ಸಿಪ್ಪೆಯ ರಾಶಿ. ಆ ರಾಶಿ ಅಂದರೆ ಪುಕ್ಕಟೆ ಬಾಸ್ ಟ್ರ್ಯಾಪ್. ಗುಂಯ್‌ಗುಡುವ ಕೆಳಗಿನ ಸದ್ದನ್ನು ಅದು ತಿನ್ನುತ್ತೆ, ತಗಡು ಮೇಲಿನದನ್ನು ವಾಪಸ್ ಕೊಡುತ್ತೆ. ಒಂದು ಚಪ್ಪಾಳೆ ತಟ್ಟಿ ನೋಡಿದೆ. ಆಗಲೇ ನಿರ್ಧಾರ ಆಯಿತು. ಬಾಡಿಗೆ ರಾತ್ರಿಗೆ 3 ಸಾವಿರ.

ಜೂಮ್ ಎಚ್‌6 ರೆಕಾರ್ಡರ್, ಅದಕ್ಕೆ ನಾಲ್ಕು ಮೈಕು, ಮೇಲೆ ಅದರದೇ ಜೋಡಿ ಮೈಕು. 96 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 96 ಸಾವಿರ ಸಲ ಸದ್ದನ್ನು ಅಳೆಯೋದು, 24 ಬಿಟ್. ಯಾಕೆ 96? ಅರ್ಧ ಸ್ಪೀಡಿಗೆ ಇಳಿಸಿದರೂ ಸಿನಿಮಾಕ್ಕೆ ಬೇಕಾದ 48 ಉಳಿಯುತ್ತೆ. ಆದರೆ ಇಲ್ಲೂ ಒಂದು ಪೆಟ್ಟು ತಿಂದೆ. ಹತ್ತಿರದಲ್ಲಿ ಎಸ್‌ಎಂ 57 ಮೈಕು ಇಟ್ಟಿದ್ದೆ. ಅದು ಹಿಡಿಯೋದು ಹೆಚ್ಚೂಕಮ್ಮಿ 15 ಕಿಲೋಹರ್ಟ್ಸ್ ಎತ್ತರದ ಸದ್ದಿನವರೆಗೆ. ಸ್ಪೀಡ್ ಅರ್ಧ ಆದಾಗ ಅದು ಏಳೂವರೆಗೆ ಬಂತು. ಕಂಬಳಿ ಹೊದಿಸಿದ ಹಾಗೆ ಮಂಕು. ನಿಧಾನ ಮಾಡಬೇಕಾದ ಏಟುಗಳನ್ನೆಲ್ಲ ಇನ್ನೂ ಮೇಲಿನ ಸದ್ದು ಹಿಡಿಯುವ ಕಂಡೆನ್ಸರ್ ಮೈಕಿನಲ್ಲಿ ಇನ್ನೊಂದು ರಾತ್ರಿ ಹಿಡಿಯಬೇಕಾಯಿತು. ದೂರದ ಮೈಕು 12 ಮೀಟರ್ ಆಚೆ ಇತ್ತು. 35 ಮಿಲಿಸೆಕೆಂಡ್ ತಡ. ನನ್ನ ಅಸಿಸ್ಟೆಂಟ್ ಹುಡುಗ ಅಚ್ಚುಕಟ್ಟಾಗಿ ಎಲ್ಲ ಟ್ರ್ಯಾಕನ್ನೂ ಎಳೆದು ಒಂದೇ ಗೆರೆಗೆ ಕೂರಿಸಿಬಿಟ್ಟಿದ್ದ. ಒಂಬತ್ತು ತಮಟೆ ಹೋಗಿ ಒಂದು ತಮಟೆ ಆಗಿತ್ತು. ವಾಪಸ್ ತೆಗೆಸಿದೆ. ದೊಡ್ಡದು ಅನ್ನಿಸೋದೇ ಆ ತಡದಿಂದ. ಮೂರನೇ ಮೈಕು ಎಲ್ಲಿಟ್ಟೆ ಅಂತ ಮಾತ್ರ ಕೇಳಬೇಡಿ.

ದೊಡ್ಡ ತಲೆನೋವು ಕ್ಲಿಕ್ಕು, ಅಂದರೆ ವೇಗ ತಪ್ಪದಿರಲಿ ಅಂತ ಬಾರಿಸುವವರ ಕಿವಿಗೆ ಕೊಡುವ ಟಿಕ್ ಟಿಕ್. ಫೈಟು ನಿಮಿಷಕ್ಕೆ 144 ಏಟಿನ ವೇಗದಲ್ಲಿ ಕಟ್ ಆಗಿತ್ತು. ಸೆಕೆಂಡಿಗೆ 24 ಫ್ರೇಮ್ ಅಂದರೆ ಏಟಿಗೆ ಸರಿಯಾಗಿ 10 ಫ್ರೇಮ್. ಲೆಕ್ಕ ಸುಲಭ ಅಂತ ನಾನೇ ಎಡಿಟರಿಗೆ ಹೇಳಿ ಹಾಗೆ ಕಟ್ ಮಾಡಿಸಿದ್ದೆ. ಮೇಳದವರ ಕಿವಿಗೆ ಹೆಡ್‌ಫೋನ್ ಹಾಕಿ ಟಿಕ್ ಟಿಕ್ ಕೇಳಿಸಿದೆ. ಜೀವನಪೂರ್ತಿ ಬಾರಿಸಿದವರು ಎಲ್‌ಕೆಜಿ ಮಕ್ಕಳ ಹಾಗೆ ಬಾರಿಸತೊಡಗಿದರು. ಟೈಮಿಗೆ ಸರಿ ಇದೆ, ಉಸಿರೇ ಇಲ್ಲ. ಹೆಡ್‌ಫೋನ್ ತೆಗೆದರೆ ಬೆಂಕಿ. ಆದರೆ ಎರಡು ನಿಮಿಷಕ್ಕೆ 144 ಹೋಗಿ 156ಕ್ಕೆ ಓಡಿರುತ್ತೆ.

ಎರಡು ರಾತ್ರಿ ಹೀಗೇ ಹೋಯಿತು. ಮೂರನೇ ರಾತ್ರಿ ಟೀ ಕುಡಿಯುತ್ತಾ ಸುಮ್ನೆ ನೋಡುತ್ತಾ ಕೂತಿದ್ದೆ. ಮೇಳದ ಜೊತೆ ಬಂದಿದ್ದ, ಬಣ್ಣದ ಬಟ್ಟೆ ಸುತ್ತಿದ ಉದ್ದ ಬಿದಿರಿನ ಪಟ ಹೊತ್ತು ಕುಣಿಯುವ ಹುಡುಗ ಬೇಜಾರಾಗಿ ನಾಲ್ಕು ಹೆಜ್ಜೆ ಹಾಕಿದ. ತಕ್ಷಣ ಒಂಬತ್ತು ಜನರ ಕಣ್ಣೂ ಅವನ ಕಾಲಿಗೆ ಇಳಿದವು. ಇವರು ಯಾವತ್ತೂ ಕಿವಿಯಲ್ಲಿ ತಾಳ ಹಿಡಿದವರೇ ಅಲ್ಲ! ಕಾಲು ನೋಡಿ ಬಾರಿಸುವವರು. ಕ್ಲಿಕ್ ಕೊಡಬೇಕಾದ್ದು ಬಾರಿಸುವವರಿಗಲ್ಲ, ಕುಣಿಯುವವನಿಗೆ.

ಅವನ ಒಂದು ಕಿವಿಗೆ ಬ್ಲೂಟೂತ್ ಹಾಕಿದೆ. ಅದು ತಡವಾಗುತ್ತೆ, ಗೊತ್ತು. ಒಂದೇ ಸಮ ತಡವಾದರೆ ಆಮೇಲೆ ಎಳೆದು ಕೂರಿಸಬಹುದು. ಆದರೆ ಕುಣಿದಾಗೆಲ್ಲ ಕಟ್ ಆಗುತ್ತಿತ್ತು. ಕೊನೆಗೆ ಹಳೇ ಎಂಪಿ3 ಪ್ಲೇಯರನ್ನು ಸೊಂಟಕ್ಕೆ ಕಟ್ಟಿ, ವೈರನ್ನು ಅಂಗಿಯೊಳಗಿಂದ ತಂದೆ. ಪಟ ಹೊತ್ತು 144ರಲ್ಲಿ ಕುಣಿಯೋಕಾಗಲ್ಲ, ಅದನ್ನು ಇಳಿಸಿಸಿದೆ. ಬರೀ ಗೆಜ್ಜೆ. ಗೆಜ್ಜೆ ಸದ್ದು ಎಲ್ಲ ಮೈಕಿಗೂ ಸೋರಿತು, ಸೋರಲಿ ಬಿಡಿ ಅಂದೆ. ಮೂರೂವರೆ ನಿಮಿಷದ ಟೇಕು, ಕೊನೆಯಲ್ಲಿ ಬರೀ ಐದಾರು ಫ್ರೇಮ್ ವ್ಯತ್ಯಾಸ. ಈ ಒಂದು ಸಂಗತಿಗೆ ನಾನು ಕಟ್ಟಿದ ಫೀಸು ಲಕ್ಷದ ಹತ್ತಿರ.

ಕೊನೇ ಫೈಟು ಮಿಶ್ರಛಾಪು, ಏಳರ ನಡೆ. ಮೇಳದವರು ಅದಕ್ಕೆ "ಕುಂಟು ಹೆಜ್ಜೆ" ಅಂದರು. ತಕಿಟ ತಕಧಿಮಿ ಅಂತ ಹತ್ತು ಸಲ ಹೇಳಿದೆ, ಹತ್ತಲಿಲ್ಲ. ಯಜಮಾನರು ಒಂದು ನಿಮಿಷ ಗೊಣಗಿಕೊಂಡು, "ಓ, ಬೆಲ್ಲ ತತ್ತಾ" ಅಂದರು. ಬೆಲ್ಲ, ಮೂರು ಮಾತ್ರೆ. ತತ್ತಾ, ನಾಲ್ಕು. ಬೆಲ್ಲ ತತ್ತಾ ಬೆಲ್ಲ ತತ್ತಾ ಅಂತ ಒಂಬತ್ತು ಜನ ಗೊಣಗುತ್ತಾ ಒಂದೇ ಟೇಕಿನಲ್ಲಿ ಮುಗಿಸಿದರು. ಗಮನವಿಟ್ಟು ಕೇಳಿದರೆ ಒಂದು ಕಡೆ ಆ ಗೊಣಗಾಟವೂ ಇದೆ.

ಕಂಸಾಳೆ ವಿಷಯ ಬೇರೆ. ರಾಕ್ಷಸನ ಎಂಟ್ರಿಗೆ ಕಂಸಾಳೆ ಅಂತ ಬರೆದಿದ್ದೆ. ಎಡಗೈಯ ಬಟ್ಟಲಿಗೆ ಬಲಗೈಯ ತಾಳ ತಾಗುವ ಆ ಖಣ್ ಸದ್ದನ್ನು ಉಲ್ಟಾ ಹಾಕಿದರೆ ಮೈ ಜುಮ್ಮೆನ್ನುತ್ತೆ. ಕಂಸಾಳೆಯವರು ಬಂದರು, ದೃಶ್ಯ ನೋಡಿದರು, ಬಟ್ಟಲನ್ನು ಚೀಲಕ್ಕೆ ಹಾಕಿಕೊಂಡರು. "ಇದು ಮಾದಪ್ಪನ ಬಿರುದು. ರಾಕ್ಷಸನಿಗೆ ಬಾರಿಸಲ್ಲ." ಅವರು ದೀಕ್ಷೆ ತಗೊಂಡ ಗುಡ್ಡರು, ಅಂದರೆ ಮಲೆ ಮಾದಪ್ಪನ ಭಕ್ತರು. ದುಡ್ಡು ಜಾಸ್ತಿ ಕೊಡ್ತೀನಿ ಅನ್ನುವ ಬಾಯಿ ಬರಲಿಲ್ಲ. "ನಾಯಕನಿಗಾದರೆ?" ಅಂದೆ. "ಅವನು ಒಳ್ಳೇವನಾ?" ಅಂತ ಕೇಳಿದರು. ಕಥೆ ಪೂರ್ತಿ ಹೇಳಿಸಿಕೊಂಡ ಮೇಲೆಯೇ ಒಪ್ಪಿದ್ದು.

ಹಾಗಾಗಿ ಕಂಸಾಳೆ ನಾಯಕನದಾಯಿತು. ಅವನ ಕತ್ತಿಯ ಸದ್ದೂ ಅದೇ. ಸೌಂಡ್ ಎಫೆಕ್ಟ್ಸ್ ಮಾಡುವವನಿಗೂ ನನಗೂ ಕತ್ತಿಯ ಖಣಖಣದ ಮೇಲೆ ದಿನಾ ಜಗಳ ಇತ್ತು. ಕಂಸಾಳೆ, ಕತ್ತಿ ಎರಡೂ ಒಂದೇ ಎತ್ತರದ ಸದ್ದು, ಒಂದು ಕೇಳಿದರೆ ಇನ್ನೊಂದು ಕೇಳಲ್ಲ. ಕತ್ತಿಗೇ ಕಂಸಾಳೆ ಹಾಕಿದ ಮೇಲೆ ಜಗಳವೇ ಮುಗಿಯಿತು. ಒಂದು ಎಚ್ಚರ ಮಾತ್ರ ಬೇಕು. ಮಾತಿರುವ ಕಡೆ ಕಂಸಾಳೆ ಇಟ್ಟರೆ ಸಕಾರ ಶಕಾರ ಎಲ್ಲ ನುಂಗಿಹಾಕುತ್ತೆ.

ರಾಕ್ಷಸ ಬರಿಗೈಯಲ್ಲಿ ಉಳಿದ. ಆಲೆಮನೆಯಲ್ಲಿ ಕಣ್ಣಿಗೆ ಬಿದ್ದದ್ದು ಬೆಲ್ಲದ ಪಾಕ ಕಾಯಿಸುವ ಕೊಪ್ಪರಿಗೆ. ಆರೇಳು ಅಡಿ ಅಗಲ. ಒಲೆಯ ಮೇಲೆ ಕೂತಾಗ ಹೊಡೆದರೆ ತಪ್ ಅನ್ನುತ್ತೆ. ಪಾಕ ಸುರಿಯೋಕೆ ಎತ್ತುವ ಚೈನು ಇತ್ತಲ್ಲ, ಅದಕ್ಕೆ ತೂಗುಹಾಕಿದೆವು. ಒನಕೆಯ ತುದಿಗೆ ಹಳೇ ಸೀರೆ ಸುತ್ತಿ ಒಂದು ಬಿಟ್ಟೆ. ಸೂರಿನ ತಗಡು ಅದುರಿ ಒಂದು ಪಾರಿವಾಳ ಹಾರಿಹೋಯಿತು. ನಾಲ್ಕು ಬಿಂದಿಗೆ ನೀರು ಹಾಕಿ ಅಲ್ಲಾಡಿಸಿದರೆ ಶ್ರುತಿ ಮೇಲೆ ಕೆಳಗೆ ಜಾರುತ್ತೆ, ಏನೋ ದೊಡ್ಡ ಪ್ರಾಣಿ ನಿದ್ದೆಯಲ್ಲಿ ನರಳಿದ ಹಾಗೆ. ಆ ನೀರಿಗೆ ಇನ್ನೊಂದು ವಸ್ತು ಹಾಕಿದ್ದೆ, ಅದು ಬೇಡ ಬಿಡಿ. ಮೈಸೂರಿನ ರಂಗಭೂಮಿಯ ಗಾಳಿ ಸೋಕಿದವರಿಗೆ ಇದು ಹೊಸದೇನಲ್ಲ. ರಂಗ ನಿರ್ದೇಶಕ ಬಿ.ವಿ. ಕಾರಂತರು ಕೈಗೆ ಸಿಕ್ಕಿದ್ದರಲ್ಲೆಲ್ಲ ಸಂಗೀತ ತೆಗೆದವರು.

ಕೋರಸ್ ಬೇಕೇ ಬೇಕು ಅಂತ ನಿರ್ಮಾಪಕರು ಹಟ ಹಿಡಿದಿದ್ದರು. ಅರ್ಥವಾಗಬಾರದು, ಭಯ ಹುಟ್ಟಿಸಬೇಕು. ನಮ್ಮ ಊರುಗಳನ್ನೇ ಹಿಂದುಮುಂದು ಮಾಡಿದೆ. ಮದ್ದೂರು, ರುದ್ದೂಮ. ನಾಗಮಂಗಲ, ಲಗಮಂಗನಾ. ಕೆರಗೋಡು, ಡುಗೋರಕೆ. ಶ್ರೀರಂಗಪಟ್ಟಣ ಯಾರ ನಾಲಿಗೆಗೂ ಹೊರಳಲಿಲ್ಲ, ಕೈಬಿಟ್ಟೆ. ಎಂಟು ಗಂಡಸರು, ಪ್ರತಿ ಸಲ ನಿಂತ ಜಾಗ ಬದಲಿಸಿ ಐದು ಸಲ ಹಾಡಿದರು. ಒಂದೇ ಜಾಗದಲ್ಲಿ ನಿಲ್ಲಿಸಿ ಐದು ಸಲ ಹಾಡಿಸಿದರೆ ಎಂಟು ಜನರೇ ಕೇಳೋದು. ನಿರ್ದೇಶಕರು ಅದನ್ನು ತಾಂತ್ರಿಕ ಮಂತ್ರ ಅಂತ ತಿಳಿದು, ಸೆಟ್ಟಿನಲ್ಲಿ ಹಾಕೋದು ಬೇಡ ಅಂದಿದ್ದರು. ಬಿಡುಗಡೆಯಾದ ಮೇಲೆ ಮಂಡ್ಯದ ಒಬ್ಬ ಹುಡುಗ ಮಾತ್ರ ಕಂಡುಹಿಡಿದ. ಅವನ ಊರು ಕೆರಗೋಡೇ.

ನಾಲ್ಕು ಹಾಡುಗಳಲ್ಲಿ ಎರಡು ಮಾಮೂಲಿ, ಅವುಗಳ ಬಗ್ಗೆ ಹೇಳೋಕೆ ಏನಿಲ್ಲ. ಉಳಿದ ಎರಡರಲ್ಲಿ ಒಂದು, ತಾಯಿ ಕತ್ತಿ ಕೊಟ್ಟು ಕಳಿಸುವ ಹಾಡು, ಸೋಬಾನೆ ಧಾಟಿಯಲ್ಲಿದೆ. ನಾನು "ವಿಜಯಿಯಾಗಿ ಮರಳು ಕಂದ" ಅಂತ ಬರೆದುಕೊಂಡು ಹೋಗಿದ್ದೆ. ಹಾಡಲು ಬಂದ ಹೆಂಗಸರು ಮುಖ ಮುಖ ನೋಡಿಕೊಂಡರು. "ಹಿಂಗೆ ಯಾವ ತಾಯಿ ಮಾತಾಡ್ತಾಳೆ? ಗೆದ್ದು ಬಾ, ಉಂಡು ಹೋಗು ಅಂತಾಳೆ." ಅದನ್ನೇ ಇಟ್ಟೆ. ಥಿಯೇಟರಿನಲ್ಲಿ ಜನ ಕಣ್ಣೊರೆಸಿಕೊಂಡದ್ದು "ಉಂಡು ಹೋಗು" ಅನ್ನುವಲ್ಲೇ.

ಮಿಕ್ಸಿಂಗಿನಲ್ಲಿ ಕೊಪ್ಪರಿಗೆಯನ್ನು ಪೂರ್ತಿ ಸಬ್‌ವೂಫರಿಗೆ ಸುರಿದಿದ್ದೆ. ಸ್ಟುಡಿಯೋದಲ್ಲಿ ಎದೆ ನಡುಗಿತು. ಮೊದಲ ದಿನ ಒಂದು ಥಿಯೇಟರಿಗೆ ಹೋದರೆ ರಾಕ್ಷಸ ಬಂದ, ಸದ್ದೇ ಇಲ್ಲ. ಸಬ್‌ವೂಫರ್ ಕೆಟ್ಟು ವರ್ಷವಾಗಿತ್ತಂತೆ. ರಾತ್ರೋರಾತ್ರಿ ಕೊಪ್ಪರಿಗೆಯ ಮಧ್ಯದ ಸದ್ದನ್ನು ಮುಂದಿನ ಸ್ಪೀಕರುಗಳಿಗೆ ತಂದು ಹೊಸ ಕಾಪಿ ಕಳಿಸಿದೆ. ನಿಮ್ಮ ರಾಕ್ಷಸ ಮೊಬೈಲಿನಲ್ಲೂ ಹೆದರಿಸಬೇಕು, ಮೊದಲು ಅಲ್ಲಿ ಕೇಳಿ ನೋಡಿ.

ಖರ್ಚು ಎಲ್ಲ ಸೇರಿ, ಎಸೆದದ್ದೂ ಸೇರಿ, ಒಂದು ಲಕ್ಷದ 70 ಸಾವಿರ ಇರಬಹುದು. ಚೆನ್ನೈಯಲ್ಲಿ ತಂತಿವಾದ್ಯಗಳಿಗೆ ಒಂದೇ ದಿನಕ್ಕೆ ಹೇಳಿದ್ದು ಮೂರು ಲಕ್ಷದ ಮೇಲೆ. ಮೇಳದವರಿಗೆ ಕೊನೆಗೆ ರಾತ್ರಿಗೆ ತಲೆಗೆ 2,500 ಕೊಟ್ಟೆ. ಒಂಬತ್ತು ಜನರ ಹೆಸರೂ ಟೈಟಲ್ಲಿನಲ್ಲಿ ಬರಬೇಕು ಅಂತ ಜಗಳವಾಡಿ ಹಾಕಿಸಿದೆ. ನಕ್ಕ ಗೆಳೆಯ ಈಗ ಆಲೆಮನೆಯ ಲೊಕೇಷನ್ ಕೇಳುತ್ತಿದ್ದಾನೆ. ಕಳಿಸಿಲ್ಲ.

ಯಜಮಾನರನ್ನು ಕರೆದುಕೊಂಡು ಹೋಗಿ ಸಿನಿಮಾ ತೋರಿಸಿದೆ. ಆಚೆ ಬಂದು ಬೀಡಿ ಹಚ್ಚಿ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ.

"ಗೆಜ್ಜೆ ಯಾಕೆ ಕಮ್ಮಿ ಇಟ್ಟೆ?"

ಬರೀ ಮೂರು ಡೆಸಿಬೆಲ್ ಇಳಿಸಿದ್ದೆ. ಬೇರೆ ಯಾರಿಗೂ ಗೊತ್ತಾಗಿರಲಿಲ್ಲ.